ಎಲೆ ಹಚ್ಚುವ ತಿಪ್ಪ ಹೇಳಿದ ವಿದ್ಯಾಪೀಠ

ಡಂಗುರದವನು ಪೇಟೆಯ ಬೀದಿ ಬೀದಿಯಲ್ಲಿ ನಿಂತು ಸಾರಿದ್ದು ಇಷ್ಟು: “ಬಿಳಿಗಲ್ಲುಕೋಟೆಯ ಅರಸು ಕಲಿಮಲ್ಲರಾಯರ ಅಪ್ಪಣೆ. ರಾಜಕುಮಾರಿ ಜಕ್ಕಲೆ ವಿಜಯದಶಮಿಯ ದಿನ ಓದಿಗೆ ಹೊರಡುತ್ತಾಳೆ. ಅವಳು ಯಾವ ವಿದ್ಯಾಪೀಠಕ್ಕೆ ಹೋಗಬೇಕೆಂದು ಹೇಳಬಲ್ಲವರು ಅರಮನೆಗೆ ಬರಲಿ. ಮೊದಲು ಅರಸರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರ ತಲೆ ಕೋಟೆಬಾಗಿಲಿಗೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ ವಂಶದ ಪದ್ಧತಿಯಂತೆ ಕುಮಾರಿ ಹೊನ್ನಕಲಶದ ಪೀಠಕ್ಕೇ ಹೋಗುತ್ತಾಳೆ.”

ಇಷ್ಟು ಕ್ರೂರ ಡಂಗುರಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ರಾಜಕುಮಾರ ಇಮ್ಮಡಿಯನ್ನು ಹೊನ್ನಕಲಶಕ್ಕೆ ಕಳಿಸಿದ್ದರು. ಅದಕ್ಕಿಂತ ದೊಡ್ಡ ಪೀಠವಿಲ್ಲ ಎಂದು ಹೇಳದವರೇ ಇರಲಿಲ್ಲ. ಹುಡುಗ ಅಲ್ಲಿ ಜ್ವರ ಬಂದು ಸತ್ತ. ಕಂಡವರ ಮಕ್ಕಳು ಎಲ್ಲಿ ಓದಬೇಕೆಂದು ಹೇಳುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ, ಹೇಳಿದವರಿಗೆ ಏನೂ ಹೋಗುವುದಿಲ್ಲವಲ್ಲ. ಇನ್ನು ಮೇಲೆ ಅವರಿಗೂ ಹೋಗಲಿ ಎಂದುಕೊಂಡ ಅರಸು.

ನವರಾತ್ರಿಯ ಮೊದಲ ದಿನ ಆಸ್ಥಾನ ಪಂಡಿತ ಬಂದ. ಅರಸು ಮೊದಲ ಒಗಟು ಹೇಳಿದ: “ದೂರದವರಿಗೆ ಥಳಥಳ ಹೊಳೆಯುತ್ತದೆ, ಅದನ್ನು ನೋಡಿಯೇ ಮಕ್ಕಳನ್ನು ಕರೆತರುತ್ತಾರೆ. ಅದರ ಕೆಳಗೇ ಬದುಕುವವರಿಗೆ ಅದು ಕಾಣುವುದಿಲ್ಲ. ಏನದು?” ಪಂಡಿತ ಪರಬ್ರಹ್ಮ ಎಂದ. ಅವನ ತಲೆ ಹೋಯಿತು. ಮರುದಿನ ಬಂದ ವರ್ತಕ ಸೂರ್ಯ ಎಂದ, ಅವನದೂ ಹೋಯಿತು. ಆಮೇಲೆ ಬಂದವರಲ್ಲಿ ಮೊದಲ ಒಗಟು ದಾಟಿದವನು ದಂಡನಾಯಕನ ಮಗ ಒಬ್ಬನೇ, ಅವನು ಎರಡನೆಯದರಲ್ಲಿ ಎಡವಿದ. ಎಂಟನೆಯ ದಿನದ ಹೊತ್ತಿಗೆ ಬಾಗಿಲ ಮೇಲೆ ಏಳು ತಲೆಗಳಿದ್ದವು. ಹೆಂಗಸರು ಆ ದಾರಿ ಬಿಟ್ಟು ಸುತ್ತುಬಳಸಿ ನೀರಿಗೆ ಹೋಗುತ್ತಿದ್ದರು.

ಒಂಬತ್ತನೆಯ ದಿನ ತಿಪ್ಪ ಬಂದ. ಇಪ್ಪತ್ತರ ಪ್ರಾಯ. ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿ ಊಟದೆಲೆ ಹಚ್ಚುವುದು ಅವನ ಕಸುಬು. ಸುತ್ತಲಿನ ವಿದ್ಯಾಪೀಠಗಳಿಗೆಲ್ಲ ಎಲೆ ಹೊತ್ತು ಹಾಕುತ್ತಿದ್ದವನು ಅವನೇ. ಓದು ಬರುತ್ತಿರಲಿಲ್ಲ. ಕಾವಲಿನವರು, “ಹೋಗೋ ಮಾರಾಯ, ಇದು ನಿನ್ನ ಕೆಲಸವಲ್ಲ” ಎಂದರು. ಅವನು ಹೋಗಲಿಲ್ಲ.

ಅರಸನ ಪಕ್ಕದಲ್ಲಿ ಜಕ್ಕಲೆ ತಲೆ ತಗ್ಗಿಸಿ ಕೂತಿದ್ದಳು. ನಾಳೆ ಹೊರಡಬೇಕಾದವಳು ಅವಳು.

ಮೊದಲ ಒಗಟಿಗೆ ತಿಪ್ಪ ತಡಮಾಡಲಿಲ್ಲ. “ಪೀಠದ ಮಾಳಿಗೆ ಮೇಲಿನ ಚಿನ್ನದ ಕಲಶ, ಬುದ್ದಿ. ಬೆಟ್ಟದ ಮೇಲಿಂದ ಚೆಂದಾಗಿ ಕಾಣ್ತದೆ. ಒಳಗಿರೋ ಮಕ್ಕಳಿಗೆ ಸೂರು ಮಾತ್ರ.”

ಅರಸು ಎರಡನೆಯದನ್ನು ಹೇಳಿದ: “ಒಂದು ಮನೆಗೆ ನೂರು ಜನ ಹೋಗುತ್ತಾರೆ. ಹತ್ತು ಜನ ಪಲ್ಲಕ್ಕಿಯಲ್ಲಿ ಹೊರಬರುತ್ತಾರೆ. ಮನೆ ಎಂಥದೆಂದು ತಿಳಿಯಲು ಯಾರನ್ನು ಕೇಳಬೇಕು? ಪಲ್ಲಕ್ಕಿಯಲ್ಲಿ ಬಂದವರನ್ನು ಎಂದವನ ತಲೆ ಹೊರಗಿದೆ.”

“ನಡಕೊಂಡು ವಾಪಸ್ ಬಂದ ತೊಂಬತ್ತು ಮಂದೀನ ಕೇಳಬೇಕು, ಬುದ್ದಿ. ಹೊನ್ನಕಲಶದ ಮಕ್ಕಳ ಪಂಕ್ತಿಗೆ ನಾನು ಆಷಾಢದಲ್ಲಿ ದಿನಕ್ಕೆ ನೂರು ಎಲೆ ಹಾಕ್ತೀನಿ. ಸಂಕ್ರಾಂತಿಗೆ ನಲವತ್ತು ಸಾಕು ಅಂತಾರೆ. ಉಳಿದವರು ಎಲ್ಲಿಗೆ ಹೋದರು ಅಂತ ಅಲ್ಲಿ ಯಾರೂ ಮಾತಾಡಲ್ಲ.”

ಅರಸು ಮೂರನೆಯ ಒಗಟನ್ನು ಮೆಲ್ಲಗೆ ಹೇಳಿದ. “ಒಬ್ಬ ಹುಡುಗ ಹದಿನೆಂಟು ದಿನ ಜ್ವರದಲ್ಲಿ ಮಲಗಿದ್ದ. ಆ ಪೀಠದಲ್ಲಿ ಅರವತ್ತು ಗುರುಗಳಿದ್ದರು, ಇಬ್ಬರು ವೈದ್ಯರಿದ್ದರು, ಔಷಧಿಯಿತ್ತು, ದೇವರ ಗುಡಿಯೂ ಇತ್ತು. ಆದರೂ ಸತ್ತ. ಅಲ್ಲಿ ಇರದಿದ್ದದ್ದು ಏನು?”

“ಊಟದ ಪಂಕ್ತೀಲಿ ಅವನ ಎಲೆ, ಬುದ್ದಿ.”

“ಬಿಡಿಸಿ ಹೇಳು.”

“ಹೊನ್ನಕಲಶದಲ್ಲಿ ಬಂದು ಕೂತವರಿಗೆ ಮಾತ್ರ ಎಲೆ ಹಾಕ್ತಾರೆ. ಬರದಿದ್ದವನು ಬರಲಿಲ್ಲ, ಅಷ್ಟೇ. ತೊರೆಯಾಚೆ ಒಂದು ಮಣ್ಣುಗೋಡೆ ಗುರುಮನೆ ಇದೆ. ಅಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟೂ ಎಲೆ ಹಾಕ್ತಾರೆ. ಯಾವ ಎಲೆ ಮುಂದೆ ಆಳಿಲ್ಲವೋ ಆ ಮಗೂನ ಹುಡುಕಿಸಿ, ಸುದ್ದಿ ಬಂದ ಮೇಲೇ ಗುರುಗಳು ತುತ್ತೆತ್ತೋದು. ಎಷ್ಟೋ ದಿನ ಅವರ ಅನ್ನ ಆರಿ ತಣ್ಣಗಾಗಿರ್ತದೆ. ಕುಮಾರೀನ ಅಲ್ಲಿಗೆ ಕಳಿಸಿ.”

ಅರಸು ಮುಂದಕ್ಕೆ ಬಾಗಿದ. “ನನ್ನ ಮಗನ ಎಲೆಯ ವಿಚಾರ ನಿನಗೆ ಹೇಗೆ ಗೊತ್ತು?”

ತಿಪ್ಪ ಸುಳ್ಳು ಹೇಳಬಹುದಿತ್ತು. ಉತ್ತರ ಸರಿಯಾಗಿತ್ತು, ತಲೆ ಉಳಿದಿತ್ತು. ಆದರೆ ಎರಡು ವರ್ಷದಿಂದ ಅವನಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ.

“ಆಗ ದಿನಾ ಒಂದೆಲೆ ಕಮ್ಮಿ ಇಸ್ಕೊಳ್ತಿದ್ದರು, ಬುದ್ದಿ. ಹಿಂದಿನ ಕೋಣೇಲಿ ಯಾರೋ ನರಳೋದು ಕೇಳಿಸ್ತಿತ್ತು. ದೊಡ್ಡೋರ ಜಾಗ, ನನಗ್ಯಾಕೆ ಅಂತ ಎಲೆ ಇಳಿಸಿ ಬಂದುಬಿಟ್ಟೆ. ಹದಿನೆಂಟು ದಿನವೂ ಬಂದುಬಿಟ್ಟೆ.”

ಅರಸು ಎದ್ದು ಕತ್ತಿ ಹಿರಿದ. ತಿಪ್ಪ ಓಡಲಿಲ್ಲ, ಮಂಡಿಯೂರಿ ಕತ್ತು ಬಗ್ಗಿಸಿದ.

“ಅಪ್ಪಾಜಿ,” ಎಂದಳು ಜಕ್ಕಲೆ. ಒಂಬತ್ತು ದಿನಗಳಲ್ಲಿ ಅವಳು ಆಡಿದ ಮೊದಲ ಮಾತು ಅದು. “ಅಣ್ಣ ವಾರಕ್ಕೊಂದು ಓಲೆ ಬರೆಯುತ್ತಿದ್ದ. ಆ ಹದಿನೆಂಟು ದಿನ ಓಲೆ ಬರಲಿಲ್ಲ. ನಾನು ಕೇಳಿದೆ. ನೀವು ಏನು ಹೇಳಿದಿರಿ?”

ಅರಸು ಕತ್ತಿ ಹಿಡಿದೇ ನಿಂತಿದ್ದ.

“ಓದಿನಲ್ಲಿ ಮುಳುಗಿರಬೇಕು ಎಂದೆ,” ಎಂದ. “ಸಭೆಯಲ್ಲೂ ಹೇಳಿಕೊಂಡೆ. ಹೆಮ್ಮೆಯಾಗಿತ್ತು ನನಗೆ.” ಕತ್ತಿ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತ.

ಕೊನೆಗೆ ಕಣ್ಣೊರೆಸಿಕೊಂಡು, “ಏನು ಬೇಕು ಕೇಳು” ಎಂದ.

“ಅದೇ ಗುರುಮನೇಲಿ ನನಗೂ ಓದೋಕೆ ಜಾಗ ಕೊಡಿಸಿ, ಬುದ್ದಿ.”

ವಿಜಯದಶಮಿಯ ಬೆಳಿಗ್ಗೆ ಇಬ್ಬರೂ ತೊರೆ ದಾಟಿದರು. ಅದೇ ಬೆಳಿಗ್ಗೆ ಅರಸು ತಾನೇ ಏಣಿ ಹಾಕಿ ಕೋಟೆಬಾಗಿಲಿನ ಏಳು ತಲೆಗಳನ್ನು ಒಂದೊಂದಾಗಿ ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಏಳು ಮನೆಗಳಿಗೆ ತಾನೇ ಹೊತ್ತುಕೊಂಡು ಹೋದ. ದಂಡನಾಯಕನ ಹೆಂಡತಿ ಮಗನ ತಲೆಯನ್ನು ಮಡಿಲಿಗೆ ತೆಗೆದುಕೊಂಡು, “ಇವನು ಎಲ್ಲಿ ತಪ್ಪಿದ?” ಎಂದು ಕೇಳಿದಳು. ಮೂರು ಒಗಟು ಹಾಕಿದ್ದ ಅರಸು ಅವಳ ಮುಂದೆ ಮಂಡಿಯೂರಿ ಕತ್ತು ಬಗ್ಗಿಸಿದ.