ಮಸಿ ಸವರದ ಓಲೆ

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜನವರ ಪ್ರವಚನ ಹಿಂದೆಲ್ಲ ಒಂದೂವರೆ ತಾಸು ನಡೆಯುತ್ತಿತ್ತು. ಮೂರು ವರ್ಷದಿಂದ ಹತ್ತೇ ನಿಮಿಷ. ಏಕೆಂದು ಯಾರೂ ಕೇಳಲಿಲ್ಲ. ಇಂಥ ವಿಷಯದಲ್ಲಿ ಭಕ್ತರು ಕಾರಣ ಕೇಳುವುದಿಲ್ಲ.

ಶಿಷ್ಯ ಬಸಲಿಂಗನನ್ನು ಅಜ್ಜ ಆಚೆ ದಂಡೆಯ ಶಾಲೆಗೆ ಕಳಿಸಿದ್ದರು. ಮೊಬೈಲಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂದು ಮಕ್ಕಳಿಗೆ ಒಂದು ವಾರ ಪಾಠ ಹೇಳುವ ಕೆಲಸ.

ಮೊದಲ ದಿನ ಮಧ್ಯಾಹ್ನದೊಳಗೇ ಅವನು ತಿರುಗಿ ಬಂದ.

"ನಾಳೆಯಿಂದ ನಾ ಹೋಗೂದಿಲ್ರೀ ಅಜ್ಜಾರ."

"ಯಾಕೋ, ಮಕ್ಕಳು ಕಡದ್ರೇನು?"

"ನಕ್ರು."

"ನಗಲಿ ಬಿಡು. ಸಾಲ್ಯಾಗ ನಗೂದು ಅಪರೂಪ."

ಬಸಲಿಂಗ ನೆಲ ನೋಡಿದ.

"ಮೂರು ವರ್ಷದ ಹಿಂದ ಮೊಬೈಲಿನಾಗ ಒಂದು ಮಾತು ಬರದು ಹಾಕಿದ್ದೆ. ಒಂದ ತಾಸಿನಾಗ ಅಳಿಸಿದೆ. ಯಾರೋ ಅಷ್ಟರಾಗ ಅದರ ಫೋಟೊ ಹಿಡದಿಟ್ಟಿದ್ರು. ಇವತ್ತು ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು ಓದಿದ್ಲು."

"ಏನಂತ?"

ಅಜ್ಜ ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

"ನಮ್ಮ ಅಜ್ಜಾರ ಪ್ರವಚನ ಇರೂತನಕ ಊರಿಗೆ ನಿದ್ದಿ ಗುಳಿಗಿ ಬ್ಯಾಡ, ಅಂತ."

ಅಜ್ಜ ಎದ್ದು ಒಳಗೆ ಹೋದರು. ಒಂದು ತಾಳೆಯೋಲೆ ತಂದು ಅವನ ಕೈಗಿಟ್ಟರು.

"ಓದು."

"ಇದರಾಗ ಏನೂ ಇಲ್ರೀ."

ಅಜ್ಜ ನಂದಾದೀಪದ ಕಾಡಿಗೆಯನ್ನು ಬೆರಳಿನಲ್ಲಿ ತೆಗೆದು ಓಲೆಯ ಮೇಲೆ ತಿಕ್ಕಿದರು. ಆಮೇಲೆ ಬಟ್ಟೆಯಿಂದ ಒರೆಸಿದರು. ಮೇಲಿನ ಮಸಿ ಹೋಯಿತು. ಕಬ್ಬಿಣದ ಮೊನೆಯಿಂದ ಗೀರಿದ ಅಕ್ಷರಗಳೊಳಗೆ ಇಳಿದದ್ದು ಉಳಿಯಿತು.

ಬಸಲಿಂಗ ಓದಿದ: 'ನಮ್ಮ ಗುರು ಗೊರಕೆ ಹೊಡೆದರೆ ಹೊಳೆಯ ಮೊಸಳೆ ಊರು ಬಿಡುತ್ತದೆ.' ಕೆಳಗೆ ಹೆಸರು: ಅಡವಯ್ಯ.

"ಆಗ ನನಗ ಹತ್ತೊಂಬತ್ತು. ಮಸಿ ಸವರದಿದ್ರ ಯಾರಿಗೂ ಕಾಣೂದಿಲ್ಲ ಅನ್ಕೊಂಡಿದ್ದೆ."

"ಯಾರಿಗೆ ಕಾಣ್ತು?"

"ನಮ್ಮ ಗುರುಗಳಿಗೆ. ಬಿಸಿಲಿಗೆ ಓರೆ ಹಿಡದು ಓದಿದ್ರು."

"ಬೈದ್ರೇನ್ರೀ?"

"'ಅಕ್ಷರ ದುಂಡಗ ಅದಾವ' ಅಂದ್ರು. ಅವತ್ತಿನಿಂದ ದನದ ಕೊಟ್ಟಿಗ್ಯಾಗ ಮಲಗಾಕ ಹತ್ತಿದ್ರು. ಕೇಳಿದ್ರ, ಒಳಗ ಸೆಕಿ ಅಂದ್ರು. ಚಳಿಗಾಲ ಬಂತು, ಆಗೂ ಒಳಗ ಬರಲಿಲ್ಲ."

ಅಜ್ಜ ಹೊಳೆಯ ಕಡೆ ನೋಡಿದರು.

"ಹನ್ನೊಂದು ವರ್ಷ. ಅವರು ಹೋಗೂತನಕ. ಆ ಗೊರಕಿ ಇಲ್ಲದ ಕೋಣ್ಯಾಗ ನನಗ ಇವತ್ತಿಗೂ ಪೂರಾ ನಿದ್ದಿ ಇಲ್ಲ."

ಬಸಲಿಂಗ ಓಲೆಯನ್ನು ಎರಡು ಸಲ ಒರೆಸಿ ನೋಡಿದ. ಅಕ್ಷರಗಳು ಇನ್ನಷ್ಟು ಸ್ಪಷ್ಟವಾದವು.

"ಅಜ್ಜಾರ, ನಿಮ್ಮ ಪ್ರವಚನ ಹತ್ತು ನಿಮಿಷಕ್ಕ ಇಳದದ್ದು..."

"ವಯಸ್ಸಾತು. ದಮ್ಮು ಸಾಲೂದಿಲ್ಲ."

ಬಸಲಿಂಗ ಓಲೆಯನ್ನು ತಿರುಗಿ ಕೊಡಲು ಹೋದ.

ಅಜ್ಜ ಓಲೆಯನ್ನು ಅವನ ಚೀಲದಲ್ಲಿ ಇಟ್ಟರು.

"ನಾಳೆ ಮೊದಲು ನಂದು ಓದು, ಆಮ್ಯಾಲೆ ನಿಂದು. ಮಕ್ಕಳು ನಗೂದು ಮುಗಿಯೂತನಕ ಕಾಯಿ. ಅದಾದ ಮ್ಯಾಲೆ ದನದ ಕೊಟ್ಟಿಗಿ ಸುದ್ದಿ ಹೇಳು."