ದೂರು ಹೊತ್ತ ಕೇಬಲ್

ವಾರಿಜಾಕ್ಷಿಯ ಮನೆಯ ಫೋಟೋ, ಹಾಡುಗಳನ್ನೆಲ್ಲ ಕಾಪಾಡುತ್ತಿದ್ದ ಪೆಟ್ಟಿಗೆಯಲ್ಲಿ ಮೂರು ಡಿಸ್ಕುಗಳಿದ್ದವು. ಮೂರನೆಯದು ಕೆಟ್ಟಿದೆಯೆಂದು ಅವಳ ಕಂಪ್ಯೂಟರಿಗೆ ಪದೇ ಪದೇ ದೂರು ಬಂತು. ಅವಳು ಅದನ್ನು ಕಿತ್ತು ಡ್ರಾಯರಿಗೆ ಹಾಕಿ, ಹೊಸದೊಂದನ್ನು ತಂದು ಅದೇ ಜಾಗದಲ್ಲಿ ಕೂರಿಸಿದಳು.

ಹೊಸ ಡಿಸ್ಕಿಗೆ ಎಲ್ಲವನ್ನೂ ಕೆದಕಿ ಕೇಳುವ ಚಾಳಿ. "ನನಗಿಂತ ಮುಂಚೆ ಇಲ್ಲಿದ್ದವನಿಗೆ ಏನಾಗಿತ್ತು?" ಎಂದು ಆ ಜಾಗದಲ್ಲಿ ತನ್ನ ಬೆನ್ನಿಗಂಟಿದ್ದ ಕೇಬಲನ್ನು ಕೇಳಿತು.

"ತಲೆ ಕೆಟ್ಟಿತ್ತು, ಪಾಪ. ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದ."

"ಅವನು ಹೇಳಿದ್ದನ್ನು ಒಡತಿಗೆ ಮುಟ್ಟಿಸುತ್ತಿದ್ದವರು ಯಾರು?"

"ಇನ್ಯಾರು? ನಾನೇ."

"ಹಾಗಾದರೆ ಅವನ ತಲೆ ಕೆಟ್ಟಿತ್ತೆಂದು ನೀನಲ್ಲದೆ ಬೇರೆ ಯಾರಿಗೆ ಗೊತ್ತು?"

ಸಂಜೆಯೊಳಗೆ ಹೊಸ ಡಿಸ್ಕಿನ ಮೇಲೂ ಅದೇ ದೂರು ಹೋಯಿತು.

"ಇವತ್ತು ತಾನೇ ತಂದದ್ದು, ಇದಕ್ಕೂ ಅದೇ ರೋಗವೇ?" ಎಂದು ವಾರಿಜಾಕ್ಷಿ ಪೆಟ್ಟಿಗೆ ಬಿಚ್ಚಿ, ಮೊದಲ ಡಿಸ್ಕನ್ನೂ ಹೊಸದನ್ನೂ ಅದಲು ಬದಲು ಮಾಡಿದಳು. ಈಗ ಹೊಸ ಡಿಸ್ಕಿನ ಮೇಲೆ ದೂರಿಲ್ಲ. ಇಷ್ಟು ವರ್ಷ ಒಂದು ತಪ್ಪೂ ಮಾಡದೆ ಈಗ ಮೂರನೇ ಜಾಗಕ್ಕೆ ಬಂದ ಮೊದಲ ಡಿಸ್ಕಿಗೆ ತಲೆ ಕೆಟ್ಟಿದೆಯೆಂದು ಕೇಬಲ್ ವರದಿ ಒಪ್ಪಿಸಿತು. ಅವಳು ಡಿಸ್ಕುಗಳನ್ನು ಮುಟ್ಟದೆ ಕೇಬಲನ್ನೇ ಕಿತ್ತು ನೋಡಿದಳು. ಒಳಗಿನ ಎಳೆಯೊಂದು ಹರಿದಿತ್ತು. ಅದನ್ನು ಕಸದ ಬುಟ್ಟಿಗೆಸೆದು ಬೇರೆಯದನ್ನು ಹಾಕಿ, ಡ್ರಾಯರಿನಲ್ಲಿದ್ದ ಹಳೆಯ ಡಿಸ್ಕನ್ನೂ ಖಾಲಿಯಿದ್ದ ನಾಲ್ಕನೇ ಜಾಗಕ್ಕೆ ತಂದು ಕೂರಿಸಿದಳು.

"ಡ್ರಾಯರಿನ ಕತ್ತಲಲ್ಲಿ ಏನು ಮಾಡುತ್ತಿದ್ದೆ?" ಹೊಸ ಡಿಸ್ಕ್ ಕೇಳಿತು.

"ಇಲ್ಲಿದ್ದಾಗ ಮಾಡುತ್ತಿದ್ದುದನ್ನೇ," ಎಂದಿತು ಹಳೆಯದು. "ನಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಅಲ್ಲಿ ಅದನ್ನು ಮುಟ್ಟಿಸುವವರು ಯಾರೂ ಇರಲಿಲ್ಲ. ಇಲ್ಲಿ ಒಬ್ಬನಿದ್ದ."