ಅಂಕಲ್ ಕೊಟ್ಟ ಧೈರ್ಯ

ಅಮೆರಿಕದ ಕನ್ನಡ ಕೂಟವೊಂದರಲ್ಲಿ ಎಂದಿನಂತೆ ಭಾನುವಾರದ ಊಟ. ಓದಲು ಬಂದಿದ್ದ ನಾಗವೇಣಿಗೆ ಹಿಂದಿನ ಅಕ್ಟೋಬರಿನಲ್ಲಷ್ಟೇ ಕೆಲಸದ ವೀಸಾ ಸಿಕ್ಕಿತ್ತು. ಆ ವೀಸಾದಲ್ಲಿದ್ದದ್ದು ಮೂರೇ ತಿಂಗಳಾದ್ದರಿಂದ ಆ ವರ್ಷದ ತೆರಿಗೆ ವಿವರವನ್ನು ಅಮೆರಿಕದ ನಿವಾಸಿಯಲ್ಲದವಳಾಗಿ, ಅಂದರೆ ಅನಿವಾಸಿಯಾಗಿಯೇ ಸಲ್ಲಿಸಬೇಕೆಂದು ಅವಳು ಓದಿ ತಿಳಿದುಕೊಂಡಿದ್ದಳು.

ಕೂಟದ ಅಧ್ಯಕ್ಷ ಪದ್ಮನಾಭ ಅಂಕಲ್ ಎಲ್ಲರ ಮುಂದೆ ನಕ್ಕರು. "ನಿವಾಸಿ ಅಂತ ಹಾಕಮ್ಮ. ರೀಫಂಡ್ ಜಾಸ್ತಿ ಬರುತ್ತೆ. ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ, ನನಗೆ ಗೊತ್ತಿಲ್ವಾ?"

"ತಪ್ಪಾದರೆ ಮುಂದೆ ನನ್ನ ವೀಸಾಗೆ ತೊಂದರೆ ಆಗುತ್ತಲ್ಲ ಅಂಕಲ್?"

"ನಾನಿದ್ದೀನಲ್ಲ, ಹೆದರ್ತೀಯಾಕೆ?"

ಇಷ್ಟು ದೊಡ್ಡವರು ಜೊತೆಗಿರುವಾಗ ಹೆದರುವುದು ಅವಮಾನವೇ ಸರಿ.

"ಹಾಗಾದರೆ ಫಾರ್ಮನ್ನು ನೀವೇ ತುಂಬಿಕೊಡಿ ಅಂಕಲ್. ತುಂಬಿಕೊಟ್ಟವರು ಸಹಿ ಹಾಕೋಕೂ ಅದರಲ್ಲಿ ಜಾಗ ಇದೆ."

ಅಂಕಲ್ ಪಾಯಸ ಬಡಿಸಲು ಎದ್ದರು. ಅಲ್ಲಿಯವರೆಗೆ ಅವರು ಕೂಟದಲ್ಲಿ ಯಾರಿಗೂ ಏನನ್ನೂ ಬಡಿಸಿದವರಲ್ಲ.

ನಾಗವೇಣಿ ಅನಿವಾಸಿಯಾಗಿಯೇ ಸಲ್ಲಿಸಿದಳು. ಅಂಕಲ್‌ ಅವರ ತೆರಿಗೆ ಫಾರ್ಮನ್ನು ಪ್ರತಿ ವರ್ಷ ಒಬ್ಬ ಆಡಿಟರ್ ತುಂಬಿಕೊಡುತ್ತಾರೆ.